ಒಂದು ರಾತ್ರಿ ಇಟ್ಟ ನೀರು

ಬೆಳಿಗ್ಗೆ ಆರೂಕಾಲು. ಮೀನು ಓರೆಯಾಗಿ ತೇಲುತ್ತಿತ್ತು, ಸತ್ತಿರಲಿಲ್ಲ.

ಅವನು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿದ. ನೀರು ಇಂಕು ಕದಡಿದ ಹಾಗೆ ನೀಲಿಯಾಗಿತ್ತು. ಅದರೊಳಗೆ ಕಿತ್ತಳೆ ಬಣ್ಣದ ಮೀನು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದಂತೆ ಕಾಣುತ್ತಿತ್ತು. ಬಾಯನ್ನು ನೀರಿನ ಮೇಲಕ್ಕೆ ತಂದು ಗಾಳಿ ನುಂಗುತ್ತಿತ್ತು, ಚಪ್, ಸ್ವಲ್ಪ ಬಿಟ್ಟು ಮತ್ತೆ ಚಪ್. ಕಿವಿರುಗಳು ಅಗಲವಾಗಿ ತೆರೆದು ಮುಚ್ಚುತ್ತಿದ್ದವು. ನೆನ್ನೆ ಸಂಜೆ ಅರ್ಧ ತೊಟ್ಟಿ ನೀರು ಬದಲಾಯಿಸಿದ್ದ. ಅದಕ್ಕೂ ಮುಂಚೆ ಬೆಳಿಗ್ಗೆ ಒಂದಷ್ಟು ಬದಲಾಯಿಸಿದ್ದ. ಬಕೆಟ್ಟಿನಲ್ಲಿ ಒಂದು ರಾತ್ರಿಯಿಡೀ ಇಟ್ಟ ನೀರು. ಮೀನು ಸಾಕಿದ ಎಲ್ಲರೂ ಬಲ್ಲ ನಿಯಮ ಅದು: ನಲ್ಲಿ ನೀರನ್ನು ಹಿಡಿದು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಎಲ್ಲರೂ ಬಲ್ಲದ್ದನ್ನು ಅವನು ಇನ್ನೂ ಚೆನ್ನಾಗಿ ಬಲ್ಲ, ಏಕೆಂದರೆ ಆ ನಲ್ಲಿಗೆ ಕ್ಲೋರಿನ್ ಹಾಕಿಸುವವನೇ ಅವನು. ನಗರದ ನೀರು ಸರಬರಾಜು ಪ್ರಯೋಗಾಲಯದ ಮುಖ್ಯ ರಸಾಯನತಜ್ಞ. ಊರಿನವರು ಏನು ಕುಡಿಯುತ್ತಾರೋ ಅದಕ್ಕೆ ದಿನವೂ ಅವನ ರುಜು ಬೀಳಬೇಕು.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. “ಏನ್ರೀ, ಇನ್ಸ್‌ಪೆಕ್ಟರು ಇದಾರಾ, ವರ್ಗ ಆಗಿ ಹೋದ್ರಾ?”

“ಮೆಲ್ಲಗೆ ಮಾತಾಡೇ. ಅತ್ತೆಗೆ ಕೇಳುತ್ತೆ.”

“ಕೇಳಲಿ. ಅಮ್ಮನ ಮೀನಿಗೆ ನೀಲಿ ಯೂನಿಫಾರ್ಮ್ ಹೊಲಿಸಿ ಹಾಕಿದೀರ, ಅದನ್ನೂ ಹೇಳ್ತೀನಿ.”

ಇನ್ಸ್‌ಪೆಕ್ಟರು ಎಂಬ ಹೆಸರನ್ನು ಇಟ್ಟದ್ದು ಅತ್ತೆಯೇ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಯಾರು ಕೋಣೆಯೊಳಗೆ ಬಂದರೂ ಈ ಮೀನು ಹೊಟ್ಟೆ ಮುಂದೆ ಮಾಡಿಕೊಂಡು ಗಾಜಿನ ಹತ್ತಿರ ಬರುತ್ತಿತ್ತು, ಬಾಯಿ ತೆರೆದು ಮುಚ್ಚಿ ಏನೋ ಕೇಳಿದಂತೆ ಮಾಡಿ, ಉತ್ತರಕ್ಕೆ ಕಾಯದೆ ತಿರುಗಿ ಹೋಗುತ್ತಿತ್ತು. ಶಾಲೆಗೆ ತಪಾಸಣೆಗೆ ಬರುತ್ತಿದ್ದವರನ್ನು ಕಂಡ ಹಾಗಾಯಿತು ಎಂದು ಅತ್ತೆ ಅಂದಿನಿಂದ ಅದಕ್ಕೆ ಬಹುವಚನವನ್ನೇ ಬಳಸಿದರು. ‘ಇನ್ಸ್‌ಪೆಕ್ಟರು ಊಟ ಮಾಡಿದ್ರಾ, ಇನ್ಸ್‌ಪೆಕ್ಟರು ಮಲಗಿದ್ರಾ.’ ಅವರ ಮನೆಯದು ಬಾವಿಯ ನೀರು. ಕಣ್ಣಿನ ಪೊರೆ ತೆಗೆಸಲು ಇಲ್ಲಿಗೆ ಬರುವಾಗ ಮೀನನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿಟ್ಟು, ಕಾರಿನಲ್ಲಿ ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಅದರ ಮಸುಕು ಇನ್ನೂ ತಿಳಿಯಾಗಿರಲಿಲ್ಲ, ಇನ್ನೊಂದು ಬಾಕಿ. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಸೋಕಬಾರದು ಎಂದು ಡಾಕ್ಟರು ಹೇಳಿದಾಗ ಅವನು ಎದೆ ಮುಂದೆ ಮಾಡಿ, “ನೀರಿನ ವಿಷಯ ನನಗೆ ಬಿಡಿ, ಅತ್ತೆ,” ಎಂದಿದ್ದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಗೆ ಅವನು ತನ್ನಿಂದಾಗುವ ಒಂದು ಕೆಲಸವನ್ನು ಮಾಡಿಕೊಡಲು ಸಿಕ್ಕ ಮೊದಲ ಅವಕಾಶ ಅದು. ಬಾವಿ ನೀರಿನಲ್ಲಿ ಏನೇನಿರುತ್ತದೋ ಯಾರು ಬಲ್ಲರು, ಇಲ್ಲಿ ಸ್ವಲ್ಪ ದಿನ ಶುದ್ಧ ನೀರಿನಲ್ಲಿರಲಿ ಎಂದೂ ಸೇರಿಸಿದ್ದ. ಆ ಮಾತು ಈಗ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು.

ಬಾಯಿ ತೊಳೆದು ಬರುವಷ್ಟರಲ್ಲಿ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಮುಖ ಬೆಳಕಿನ ಕಡೆಗಿತ್ತು, ಕಿವಿ ಅವನ ಕಡೆಗೆ.

“ಅಳಿಯಂದಿರೇ, ಇವತ್ತಿನ ವರದಿ?”

“ತೃಪ್ತಿಕರ, ಅತ್ತೆ.”

ಪದ ತಾನಾಗಿಯೇ ಹೊರಗೆ ಬಂತು. ಆಫೀಸಿನಲ್ಲಿ ದಿನಕ್ಕೆ ಹತ್ತಾರು ಸಲ ಬರೆಯುವ ಪದ; ಕೈಗೆ ಅಭ್ಯಾಸವಾಗಿದ್ದದ್ದು ನಾಲಿಗೆಗೂ ಹತ್ತಿತ್ತು.

“ತೃಪ್ತಿಕರ ಅಂದ್ರೆ ನೂರಕ್ಕೆ ಎಷ್ಟು?”

“ಅರವತ್ತು ಅಂತ ಇಟ್ಕೊಳ್ಳಿ.”

“ಮೊನ್ನೆ ಎಂಬತ್ತು ಕೊಟ್ಟಿದ್ರಿ.”

“ಸ್ವಲ್ಪ ಹವಾಮಾನ, ಅತ್ತೆ.”

“ಓಹೋ. ತೊಟ್ಟಿ ಒಳಗೂ ಹವಾಮಾನ ಇರುತ್ತೆ ಅನ್ನಿ.” ಅವರು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗುಟುಕರಿಸಿದರು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಚಪ್. ಅವನು ಕೆಮ್ಮಿದ. ಮತ್ತೆ, ಚಪ್. ಅವನು ಕುರ್ಚಿಯನ್ನು ಎಳೆದು ಸದ್ದು ಮಾಡಿದ. ಅತ್ತೆ ಇನ್ನೊಂದು ಗುಟುಕು ಕುಡಿದರು. ಹೆಂಡತಿ ಮಾತ್ರ ಗಂಡನ ಮುಖವನ್ನೂ ತೊಟ್ಟಿಯನ್ನೂ ನೋಡಿ ಸೆರಗಿನಂಚಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸ್ಕೂಟರಿನ ಮೇಲೆ ಹೋಗುವಾಗ ಅವನು ತಾನು ಮಾಡಿದ್ದನ್ನೆಲ್ಲ ಇನ್ನೊಮ್ಮೆ ಲೆಕ್ಕ ಹಾಕಿದ. ಮೊದಲ ವಾರದಲ್ಲೇ ಮೀನು ಮಂಕಾದಾಗ ಮೀನಿನ ಅಂಗಡಿಯವನಿಗೆ ಫೋನ್ ಮಾಡಿದ್ದ. “ಕಿವಿರಿನ ಸೋಂಕಿರಬಹುದು ಸಾರ್. ಈ ತಿಂಗಳು ಯಾಕೋ ಎಲ್ಲರ ಮೀನಿಗೂ ಇದೇ ಗೋಳು. ನೀಲಿ ಔಷಧಿ ಹಾಕಿ, ಉಪ್ಪು ಹಾಕಿ, ನೀರು ಬದಲಾಯಿಸ್ತಾ ಇರಿ,” ಎಂದಿದ್ದ. ನೀಲಿ ಔಷಧಿ ಹಾಕಿದ. ಉಪ್ಪು ಹಾಕಿದ. ಗಾಳಿ ಊದುವ ಪಂಪನ್ನು ಜೋರು ಮಾಡಿದ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿದ. ಬ್ಯಾಗಿನಲ್ಲಿ ಯಾವಾಗಲೂ ಇರುವ ಪುಟ್ಟ ಪೆಟ್ಟಿಗೆಯಿಂದ ಮಾತ್ರೆ ತೆಗೆದು ಬಕೆಟ್ಟಿನ ನೀರನ್ನು ಪರೀಕ್ಷಿಸಿದ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು, ಬರಲಿಲ್ಲ, ಸೊನ್ನೆ. ನೀರು ನಿರ್ದೋಷಿ. ಹಾಗಾದರೆ ಮೀನಿಗೇ ಏನೋ ಆಗಿದೆ. ದಿನಕ್ಕೆ ಒಂದು ಸಲ ಬದಲಾಯಿಸುತ್ತಿದ್ದ ನೀರನ್ನು ಎರಡು ಸಲ ಬದಲಾಯಿಸಿದ. ಮೀನು ಇನ್ನೂ ಕೆಟ್ಟಿತು. ಎಷ್ಟು ಆರೈಕೆ ಮಾಡಿದರೆ ಅಷ್ಟು ಕೆಡುತ್ತದೆ, ಎಂಥ ಮೊಂಡು ಪ್ರಾಣಿ. ಸಿಗ್ನಲ್ಲಿನಲ್ಲಿ ನಿಂತಾಗ ಹ್ಯಾಂಡಲ್ಲಿನ ಮೇಲಿದ್ದ ತನ್ನ ಬೆರಳುಗಳು ಕಂಡವು, ಉಗುರಿನ ಸಂದಿಯವರೆಗೂ ನೀಲಿ. ಆ ಔಷಧಿ ಸೋಪಿಗೆ ಜಗ್ಗುವುದಿಲ್ಲ. ಇವತ್ತು ದೊಡ್ಡ ಸಾಹೇಬರ ಜೊತೆ ಮೀಟಿಂಗು. ಬೆರಳುಗಳನ್ನು ಮಡಿಸಿಕೊಂಡು ಹಿಡಿಯಲು ನೋಡಿದ. ಬ್ರೇಕು ಸಿಗಲಿಲ್ಲ, ಮುಂದಿನ ಕಾರಿಗೆ ಹೋಗಿ ತಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಮದುವೆಯ ದಿನವೂ ಹೀಗೆಯೇ ಕೈ ಅವನ ಮಾನ ಕಳೆದಿತ್ತು. ಊಟಕ್ಕೆ ಕೂತಾಗ ಯಾರೋ ನೀರಿನ ಲೋಟ ಕೊಟ್ಟರು, ಅವನು ಯೋಚನೆಯೇ ಇಲ್ಲದೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಕೆಲಸದ ಚಾಳಿ. ಇಡೀ ಸಾಲು ಊಟ ನಿಲ್ಲಿಸಿ ನೋಡಿತು. ಅತ್ತೆ ಬಂದು ಬಹಳ ಗಂಭೀರವಾಗಿ, “ಏನಪ್ಪಾ, ನಮ್ಮನೆ ನೀರು ಪಾಸಾ?” ಎಂದು ಕೇಳಿದರು. ನಗಬೇಕಿತ್ತು. ಅವನು ನಗುವ ಬದಲು ವಾಸನೆಗೂ ಶುದ್ಧತೆಗೂ ಇರುವ ವ್ಯತ್ಯಾಸವನ್ನು ವಿವರಿಸತೊಡಗಿದ, ಅದೂ ಅನ್ನ ಆರಿ ತಣ್ಣಗಾಗುವಷ್ಟು ಹೊತ್ತು. ಹೆಂಡತಿಯ ಕಡೆಯವರಲ್ಲಿ ಇವತ್ತಿಗೂ ಅವನ ಗುರುತು ಲೋಟ ಮೂಸಿದ ಗಂಡು ಎಂದೇ.

ಮೀಟಿಂಗಿನಲ್ಲಿ ಅವನು ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದ. ಆದರೆ ನಕಾಶೆಯಲ್ಲಿ ಕೊಳವೆ ಎಲ್ಲಿ ಮುಗಿಯುತ್ತದೆ ತೋರಿಸಿ ಎಂದಾಗ ಬೆರಳು ಹೊರಗೆ ಬರಲೇಬೇಕಾಯಿತು.

“ಏನ್ರೀ ಇದು? ನೀರಿಗೆ ಬಣ್ಣ ಬೇರೆ ಹಾಕೋಕೆ ಶುರು ಮಾಡಿದ್ರಾ?” ಎಂದರು ದೊಡ್ಡ ಸಾಹೇಬರು. ಎಲ್ಲರೂ ನಕ್ಕರು. ಸಾಹೇಬರು ನಕ್ಕಾಗ ಎಷ್ಟು ನಗಬೇಕೋ ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಾಗಿಯೇ.

“ಇಂಕು ಸಾರ್,” ಎಂದ ಅವನು. ಯಾಕೆ ಸುಳ್ಳು ಹೇಳಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಮೀನಿನ ಔಷಧಿ ಎಂದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

“ಇರಲಿ. ಹೊಸ ಬೆರಕೆ ಶುರುವಾಗಿ ಮೂರು ವಾರ ಆಯ್ತು. ಒಂದೇ ಒಂದು ದೂರಿಲ್ಲ. ಜನಕ್ಕೆ ಗೊತ್ತೇ ಆಗಲ್ಲ ಅಂತ ನೀವು ಹೇಳಿದ್ದು ನಿಜ ಆಯ್ತು.”

ಅವನು ತಲೆ ಬಾಗಿಸಿ ಹೊಗಳಿಕೆಯನ್ನು ಸ್ವೀಕರಿಸಿದ. ಊರು ಬೆಳೆದು ಕೊಳವೆಗಳು ಉದ್ದವಾಗಿದ್ದವು. ಕೊನೆಯ ಮನೆ ಮುಟ್ಟುವಷ್ಟರಲ್ಲಿ ಕ್ಲೋರಿನ್ ಸವೆದುಹೋಗುತ್ತಿತ್ತು. ಅದಕ್ಕೆ ಅವನೇ ಸೂಚಿಸಿದ ಉಪಾಯ: ಕ್ಲೋರಿನ್ನಿನ ಜೊತೆ ಚೂರು ಅಮೋನಿಯಾ ಸೇರಿಸುವುದು. ಎರಡೂ ಕೂಡಿ ಆಗುವ ಕ್ಲೋರಮಿನ್ ಕೊಳವೆಯಲ್ಲಿ ಬಹಳ ದಿನ ಉಳಿಯುತ್ತದೆ. ಕುಡಿಯುವವರಿಗೆ ಏನೂ ಆಗುವುದಿಲ್ಲ. ಇದೆಲ್ಲ ಅವನ ತಲೆಯೊಳಗಿನ ಆಫೀಸಿನ ಕೋಣೆಯಲ್ಲಿತ್ತು. ಬಕೆಟ್ಟೂ ಇನ್ಸ್‌ಪೆಕ್ಟರೂ ಇದ್ದದ್ದು ಮನೆಯ ಕೋಣೆಯಲ್ಲಿ. ನಡುವಿನ ಬಾಗಿಲನ್ನು ತೆರೆಯಬೇಕೆಂದು ಅವನಿಗೆ ಆ ತನಕ ಅನಿಸಿರಲಿಲ್ಲ.

ಪ್ರಯೋಗಾಲಯಕ್ಕೆ ಬಂದಾಗ ಸಹಾಯಕಿ ಮಾದರಿ ಸೀಸೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು. ಬಡಾವಣೆಗಳಿಗೆ ಹೋಗಿ, ನಲ್ಲಿ ನೀರು ತುಂಬಿಸಿಕೊಂಡು, ಬ್ಯಾಕ್ಟೀರಿಯಾ ಪರೀಕ್ಷೆಗೆ ವಾಪಸು ಬರುವ ಸೀಸೆಗಳು. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತಳದಲ್ಲಿ ಇರಬೇಕಾದ ಬಿಳಿ ಪುಡಿ ಇರಲಿಲ್ಲ. ಬೆಳಗಿನಿಂದ ಯಾರ ಮೇಲೆ ತೀರಿಸಿಕೊಳ್ಳುವುದು ಎಂದು ಹುಡುಕುತ್ತಿದ್ದ ಸಿಟ್ಟಿಗೆ ದಾರಿ ಸಿಕ್ಕಿತು.

“ಥಯೋಸಲ್ಫೇಟ್ ಎಲ್ಲಮ್ಮಾ? ಎಷ್ಟು ಸಲ ಹೇಳಬೇಕು? ಅದು ಕ್ಲೋರಿನ್ನನ್ನ ಕೊಲ್ಲುತ್ತೆ. ಅದನ್ನ ಹಾಕದೇ ಇದ್ರೆ ಸೀಸೆಯೊಳಗಿನ ಬ್ಯಾಕ್ಟೀರಿಯಾ ದಾರೀಲೇ ಸತ್ತುಹೋಗುತ್ತೆ. ಆಮೇಲೆ ನಾವಿಲ್ಲಿ ಏನನ್ನ ಪರೀಕ್ಷೆ ಮಾಡೋದು?”

“ಹಾಕ್ತೀನಿ ಸಾರ್, ಆ ಸಾಲು ಇನ್ನೂ ಆಗಿಲ್ಲ,” ಎಂದಳು ಸಹಾಯಕಿ, ಬೈಗುಳವೂ ಪೆಟ್ಟಿಗೆ ಜೋಡಿಸುವ ಕೆಲಸದ ಭಾಗವೇ ಎಂಬಂತೆ. “ಈಗಂತೂ ಮರೆಯೋ ಹಾಗೇ ಇಲ್ಲ. ಮೊದಲಾದ್ರೆ ಒಂದು ರಾತ್ರಿ ಇಟ್ರೆ ಹೋಗ್ತಿತ್ತು, ಈ ಹೊಸ ಬೆರಕೆ ವಾರ ಇಟ್ರೂ ಜಗ್ಗಲ್ಲ ಅಂತ ನೀವೇ ಹೇಳಿದ್ರಲ್ಲ, ಟ್ರೇನಿಂಗಲ್ಲಿ.”

“ಹೇಳಿದ್ನಾ?”

“ಬೋರ್ಡ್ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ರಿ ಸಾರ್.”

ಅವನು ಸೀಸೆಯನ್ನು ಬಹಳ ನಿಧಾನವಾಗಿ ಕೆಳಗಿಟ್ಟ. ಗೆರೆ ಎಳೆದದ್ದು ನೆನಪಾಯಿತು. ಎರಡು ಗೆರೆ. ಚಾಕ್‌ಪೀಸಿನಿಂದ ಕೈ ಬೆಳ್ಳಗಾಗಿತ್ತು, ಆ ದಿನ ಸಂಜೆ ಅದೇ ಕೈಯಿಂದ ಬಕೆಟ್ಟಿಗೆ ನೀರು ಹಿಡಿದು, ಒಂದು ರಾತ್ರಿ ಇರಲಿ ಎಂದು ಬಚ್ಚಲಲ್ಲಿ ಇಟ್ಟಿದ್ದ. ಇವತ್ತು ಊಟದ ಚೀಲದಲ್ಲಿ ಮನೆಯ ಬಕೆಟ್ಟಿನ ನೀರನ್ನು ಒಂದು ಪುಟ್ಟ ಸೀಸೆಯಲ್ಲಿ ತಂದಿದ್ದ, ಬೇರೇನಾದರೂ ದೋಷವಿದೆಯೋ ನೋಡೋಣ ಎಂದು. ಬಾಗಿಲು ಹಾಕಿಕೊಂಡು ಅದಕ್ಕೆ ಮೊದಲ ಮಾತ್ರೆ ಹಾಕಿದ. ಬಣ್ಣ ಬರಲಿಲ್ಲ. ಅದು ಬರಿಯ ಕ್ಲೋರಿನ್ನನ್ನು ಮಾತ್ರ ತೋರಿಸುವ ಮಾತ್ರೆ, ಅವನ ಬ್ಯಾಗಿನಲ್ಲಿ ವರ್ಷಗಳಿಂದ ಇದ್ದದ್ದು. ಅಮೋನಿಯಾದ ಜೊತೆ ಕೂಡಿಕೊಂಡ ಕ್ಲೋರಿನ್ ಅದಕ್ಕೆ ಕಾಣುವುದಿಲ್ಲ. ಬೀರುವಿನಿಂದ, ಕೂಡಿಕೊಂಡದ್ದನ್ನೂ ತೋರಿಸುವ ಎರಡನೇ ಮಾತ್ರೆಯನ್ನು ತೆಗೆದು ಹಾಕಿದ. ಮಾತ್ರೆ ತಳದಲ್ಲಿ ಕರಗಿತು, ಒಂದು ಎಳೆ ಮೇಲಕ್ಕೆದ್ದಿತು, ನೋಡುತ್ತಿದ್ದಂತೆ ನೀರೆಲ್ಲ ಕಡು ಗುಲಾಬಿಯಾಯಿತು.

ಸೀಸೆಯೊಳಗಿನ ಒಂದು ರೋಗಾಣು ದಾರಿಯಲ್ಲಿ ಸಾಯಬಾರದೆಂದು ದಿನವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನು, ಅತ್ತೆಯ ಮೀನಿಗೆ ಹೊತ್ತು ಹೊತ್ತಿಗೆ ವಿಷ ಬಡಿಸಿದ್ದ. ಬರಿಯ ವಿಷವಲ್ಲ, ಅದನ್ನೇ ಚಿಕಿತ್ಸೆ ಎಂದು ಕರೆದು ದುಪ್ಪಟ್ಟು ಮಾಡಿದ್ದ. ತೊಟ್ಟಿಯ ಹೊಲಸನ್ನು ತಿಂದು ಬದುಕುವ ಉಪಕಾರಿ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿರುತ್ತವೆ. ಅವನ್ನೂ ನಲ್ಲಿಯ ಕೆಳಗೆ ಹಿಂಡಿ ಕೊಂದಿದ್ದ. ಹಾಗಾದರೆ ಮೀನು ಇನ್ನೂ ಯಾಕೆ ಸತ್ತಿಲ್ಲ? ಕುರ್ಚಿಯಲ್ಲಿ ಕೂತು ಯೋಚಿಸಿದ. ಕ್ಲೋರಮಿನ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿ, ಆ ರಕ್ತ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಆ ಕೆಟ್ಟ ರಕ್ತವನ್ನು ಸರಿಪಡಿಸುವ ಗುಣ ನೀಲಿ ಔಷಧಿಗೆ ಇದೆ. ಇಲ್ಲದ ಸೋಂಕಿಗೆಂದು ಅವನು ಸುರಿದ ನೀಲಿಯೇ ಮೀನನ್ನು ಹಿಡಿದು ನಿಲ್ಲಿಸಿತ್ತು. ತಾನು ಮಾಡಿದ್ದರಲ್ಲಿ ಸರಿಯಾದದ್ದು ಒಂದೇ, ಅದೂ ತಪ್ಪು ತಿಳಿದು ಮಾಡಿದ್ದು.

ಇನ್ನೊಂದು ನೆನಪು ಅದರ ಹಿಂದೆಯೇ ಬಂದು ನಿಂತಿತು. ಹೊಸ ಬೆರಕೆಯ ಬಗ್ಗೆ ಸಾರ್ವಜನಿಕ ಪ್ರಕಟಣೆಯ ಕರಡು ಅವನ ಮೇಜಿಗೆ ಬಂದಿತ್ತು. ಕೊನೆಯಲ್ಲಿ ಒಂದು ಸಾಲು: ಅಲಂಕಾರಿಕ ಮೀನು ಸಾಕುವವರು ಈ ನೀರನ್ನು ಸಂಸ್ಕರಿಸದೆ ತೊಟ್ಟಿಗೆ ತುಂಬಬಾರದು. ಅವನು ಅದನ್ನು ಓದಿ ನಕ್ಕಿದ್ದ. ಮೀನಿಗೆ ಆಗದ ನೀರು ನಮಗೆ ಹೇಗೆ ಆಗುತ್ತದೆ ಎಂದು ಜನ ಕೇಳಿದರೆ ದಿನವಿಡೀ ಯಾರು ಉತ್ತರ ಕೊಡುವುದು ಎಂದು ಆ ಸಾಲನ್ನು ಹೊಡೆದುಹಾಕಿದ್ದ. ಅಂಗಡಿಯವನು ಅಂದದ್ದು ಈಗ ಕಿವಿಯಲ್ಲಿ ಮೊಳಗಿತು: ‘ಎಲ್ಲರ ಮೀನಿಗೂ ಇದೇ ಗೋಳು.’ ಒಂದೇ ಒಂದು ದೂರಿಲ್ಲ ಎಂದು ಸಾಹೇಬರು ಹೇಳಿದ್ದೂ ನಿಜ. ಮೀನುಗಳು ಸಹಾಯವಾಣಿಗೆ ಫೋನ್ ಮಾಡುವುದಿಲ್ಲ.

ಅವನು ಥಯೋಸಲ್ಫೇಟನ್ನು ತಕ್ಕಡಿಯಲ್ಲಿ ಹಾಕಿದ. ಮಿಲಿಗ್ರಾಂ ಲೆಕ್ಕದ ತಕ್ಕಡಿ. ಉಸಿರು ತಾಗಿದರೂ ಮುಳ್ಳು ಅಲ್ಲಾಡುವುದರಿಂದ ಉಸಿರು ಬಿಗಿಹಿಡಿದು ತೂಗಿದ. ಪೊಟ್ಟಣ ಕಟ್ಟುತ್ತಿದ್ದಾಗ ಸಹಾಯಕಿ ಗುಲಾಬಿ ಸೀಸೆಯನ್ನು ನೋಡಿ, “ಇದು ಯಾವ ಬಡಾವಣೆದು ಸಾರ್? ಪಾಸಾ?” ಎಂದಳು.

“ಪಾಸು,” ಎಂದ ಅವನು. “ಕುಡಿಯೋಕೆ ಪಾಸು.”

ಅರ್ಧ ದಿನದ ರಜೆ ಕೇಳಲು ಹೋದಾಗ ದೊಡ್ಡ ಸಾಹೇಬರು ತಲೆ ಎತ್ತದೆ, “ಯಾರಿಗೆ ಹುಷಾರಿಲ್ಲ?” ಎಂದರು. ಇನ್ಸ್‌ಪೆಕ್ಟರಿಗೆ ಎಂಬ ಮಾತು ತುಟಿಯವರೆಗೆ ಬಂದದ್ದನ್ನು ನುಂಗಿ, “ಅತ್ತೆ ಕಡೆಯವರು ಒಬ್ಬರಿಗೆ ಸಾರ್,” ಎಂದ. “ಸೀರಿಯಸ್ಸಾ?” “ಉಸಿರಾಟದ ತೊಂದರೆ.” ಸಾಹೇಬರ ಮುಖದಲ್ಲಿ ನಿಜವಾದ ಕನಿಕರ ಕಂಡಿತು. ಕೂಡಲೇ ಹೊರಡಿ ಎಂದರು. ಮೆಟ್ಟಿಲಿಳಿಯುವಾಗ ಆ ಕನಿಕರ ಅವನ ಬೆನ್ನಿಗೆ ಅಂಟಿಕೊಂಡೇ ಇತ್ತು.

ಮನೆಯಲ್ಲಿ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಸದ್ದಾಗದಂತೆ ಬಚ್ಚಲಿಗೆ ಹೋದ. ಬಕೆಟ್ಟಿನ ನೀರಿಗೆ ಪುಡಿ ಕರಗಿಸಿ, ಎರಡನೇ ಮಾತ್ರೆಯಿಂದಲೇ ಪರೀಕ್ಷಿಸಿದ, ಗುಲಾಬಿ ಬರಲಿಲ್ಲ. ಕ್ಲೋರಮಿನ್ ಒಡೆದಾಗ ಬಿಡುಗಡೆಯಾಗುವ ಅಮೋನಿಯಾ ಎಷ್ಟೆಂದು ಲೆಕ್ಕ ಹಾಕಿದ, ಮೀನು ತಾಳುವಷ್ಟೇ ಇತ್ತು. ಬಕೆಟ್ಟನ್ನು ತೊಟ್ಟಿಯ ಬಳಿಗೆ ತಂದು, ಸಣ್ಣ ಕೊಳವೆಯೊಂದನ್ನು ಹಚ್ಚಿ ಹಳೆಯ ನೀರನ್ನು ಹೊರಗೆ ಬಿಡುತ್ತ, ಹೊಸದನ್ನು ಹನಿ ಹನಿಯಾಗಿ ಒಳಗೆ ಬಿಡತೊಡಗಿದ.

“ಅಳಿಯಂದಿರೇ, ಕಳ್ಳ ಹೆಜ್ಜೆ ಹಾಕೋದು ನಿಮಗೆ ಬರಲ್ಲ,” ಎಂದು ಹಿಂದಿನಿಂದ ಕೇಳಿತು. ಅತ್ತೆ ಗೋಡೆ ಸವರಿಕೊಂಡು ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು. “ಇವತ್ತೇನು, ಆಫೀಸು ರಜಾನಾ?”

ಇನ್ನೂ ತಿಪ್ಪೆ ಸಾರಿಸಬಹುದಿತ್ತು. ನೀರು ಹನಿಯುತ್ತಿತ್ತು. ಮೀನು ಬಾಯಿ ತೆರೆದು ಮುಚ್ಚಿ, ಎಂದಿನಂತೆ ತಿರುಗಿ ಹೋಗಲಾಗದೆ, ಒಂದೇ ಕಣ್ಣಿನಿಂದ ಅವನನ್ನು ನೋಡುತ್ತಿತ್ತು.

“ಅತ್ತೆ, ಮೀನಿಗೆ ಕಾಯಿಲೆ ಇರಲಿಲ್ಲ. ನನ್ನ ನೀರೇ ಕಾಯಿಲೆ.”

ಶುರುವಾದ ಮೇಲೆ ಎಲ್ಲವೂ ಬಂತು. ಬೆರಕೆ, ಬಕೆಟ್ಟು, ಮಾತ್ರೆ, ಸ್ಪಂಜು. ಅತ್ತೆ ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ. ಪರೀಕ್ಷೆಯ ಮೌಖಿಕಕ್ಕೆ ನಿಂತ ಹುಡುಗಿಯರು ಇದೇ ಮೌನದ ಮುಂದೆ ಬೆವರಿರಬೇಕು.

“ಮುಗೀತಾ?” ಎಂದರು ಅತ್ತೆ.

“ಮುಗೀತು.”

“ಜನ್ಮವೆಲ್ಲ ಪಾಠ ಮಾಡಿದೀನಿ. ತಪ್ಪು ಮಾಡೋರನ್ನ ಬೇಕಾದಷ್ಟು ನೋಡಿದೀನಿ. ಒಂದು ತಪ್ಪನ್ನ ಇಷ್ಟು ಶ್ರದ್ಧೆಯಿಂದ, ಹೊತ್ತಿಗೆ ಸರಿಯಾಗಿ, ದಿನಕ್ಕೆರಡು ಸಲ ಮಾಡಿದೋರನ್ನ ಮಾತ್ರ ನೋಡಿರಲಿಲ್ಲ.”

ಅವನು ನಗಬೇಕೋ ಬೇಡವೋ ತಿಳಿಯದೆ ಕೊಳವೆಯನ್ನು ಸರಿಮಾಡಿದ.

“ನಂಗೆ ಮಸುಕಾಗಿರೋದು ಕಣ್ಣು, ಕಿವಿ ಅಲ್ಲ. ವಾರದಿಂದ ಅದು ಮೇಲೆ ಬಂದು ಬಾಯಿ ಬಡೀತಿದೆ. ನೀವು ಕೆಮ್ತೀರ, ಕುರ್ಚಿ ಎಳೀತೀರ. ಅರವತ್ತು ಅಂತೀರ.”

“ಮೊದಲೇ ಕೇಳಬಹುದಿತ್ತಲ್ಲ ಅತ್ತೆ.”

“ಕೇಳ್ತಾನೇ ಇದ್ನಲ್ಲ, ದಿನಾ ಬೆಳಿಗ್ಗೆ.” ಅವರು ಕನ್ನಡಕ ತೆಗೆದು ತೊಟ್ಟಿಯ ಕಡೆ ಕಣ್ಣು ಕಿರಿದು ಮಾಡಿದರು, ನೀಲಿಯ ಹೊರತು ಏನೂ ಕಂಡಿರಲಾರದು. ಆಮೇಲೆ, ಬೋರ್ಡಿನ ಮುಂದಿನ ಲೆಕ್ಕಕ್ಕೆ ಹೋಗುವವರ ದನಿಯಲ್ಲಿ, “ಅಲ್ಲ, ನಿಮ್ಮ ನಲ್ಲಿ ನೀರು ಈ ಬಚ್ಚಲಿಗೆ ಮಾತ್ರ ಬರುತ್ತಾ? ಊರಲ್ಲಿ ಬೇರೆ ಇನ್ಸ್‌ಪೆಕ್ಟರುಗಳಿಲ್ವಾ?” ಎಂದರು.

ಹೊಡೆದುಹಾಕಿದ ಸಾಲನ್ನು ಹೇಳುವುದು ಉಳಿದೆಲ್ಲವನ್ನೂ ಹೇಳಿದ್ದಕ್ಕಿಂತ ಕಷ್ಟವಾಯಿತು. ಮೀನಿನ ವಿಷಯದಲ್ಲಿ ಅವನು ಮರೆತಿದ್ದ. ಸಾಲಿನ ವಿಷಯದಲ್ಲಿ ಮರೆತಿರಲಿಲ್ಲ, ನಕ್ಕಿದ್ದ. ಅತ್ತೆ ಈ ಸಲ ತಮಾಷೆ ಮಾಡಲಿಲ್ಲ. ಸ್ಟೂಲಿನಿಂದ ಏಳಲೂ ಇಲ್ಲ. ಅವರು ಏಳುವುದಿಲ್ಲ ಎಂದು ಖಚಿತವಾದ ಮೇಲೆ ಅವನು ಅವರೆದುರಿಗೇ ಸಾಹೇಬರಿಗೆ ಫೋನ್ ಮಾಡಿದ.

“ಹೇಗಿದಾರೆ ನಿಮ್ಮ ಅತ್ತೆ ಕಡೆಯವರು?” ಎಂದಿತು ಫೋನು.

“ಮೀನು ಸಾರ್ ಅದು. ನಮ್ಮ ನೀರಿಂದಾನೇ ಹಾಗಾಗಿದ್ದು. ಪ್ರಕಟಣೆ ಇನ್ನೊಂದು ಸಲ ಕೊಡಬೇಕು, ಮೀನು ಸಾಕೋರಿಗೆ ಒಂದು ಸಾಲು ಸೇರಿಸಿ.”

“ಆ ಸಾಲು ಮೊದಲೇ ಇತ್ತಲ್ರೀ? ನೀವೇ ತಾನೆ ಬೇಡ ಅಂದಿದ್ದು?”

“ಹೌದು ಸಾರ್. ನಾನೇ.”

“ಬೆರಳಿಗೆ ಇಂಕು ಅಂದ್ರಿ ಬೆಳಿಗ್ಗೆ.”

“ಅದೂ ಮೀನಿನ ಔಷಧಿ ಸಾರ್.”

ಸಾಹೇಬರು ಹೇಳಿದ್ದನ್ನೆಲ್ಲ ಅವನು ಕಿವಿಯಿಂದ ಫೋನನ್ನು ಒಂದಂಗುಲ ದೂರ ಹಿಡಿದು ಕೇಳಿದ. ಅತ್ತೆಗೂ ಚೆನ್ನಾಗಿ ಕೇಳಿತು. ಕೊನೆಗೆ ಬರೆದು ಕಳಿಸಿ, ನಿಮ್ಮ ಹೆಸರಿನಲ್ಲೇ ಹೋಗಲಿ, ಫೋನುಗಳಿಗೂ ನೀವೇ ಉತ್ತರ ಕೊಡಿ ಎಂದು ಅತ್ತ ಕಡೆ ಲೈನು ಕಡಿಯಿತು.

“ಒಳ್ಳೆ ಗಂಟಲು ನಿಮ್ಮ ಸಾಹೇಬರದು,” ಎಂದರು ಅತ್ತೆ.

ಸಂಜೆ ಹೆಂಡತಿ ಬಂದಾಗ ಅಳಿಯನೂ ಅತ್ತೆಯೂ ತೊಟ್ಟಿಯ ಮುಂದೆ ಅಕ್ಕಪಕ್ಕ ಕೂತಿದ್ದರು. ಅವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಇಬ್ಬರನ್ನೂ ಸರದಿಯಾಗಿ ನೋಡಿದಳು. ನೀರಿನ ನೀಲಿ ತೆಳುವಾಗಿತ್ತು. ಅತ್ತೆ, “ಈಗ ಹೇಗಿದಾರೆ?” ಎಂದರು. ಅವನು ಗಾಜಿಗೆ ಮೂಗು ತಾಗಿಸಿ ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳಿದ: “ನೆಟ್ಟಗಾಗಿದೆ. ಬಲಗಡೆ ರೆಕ್ಕೆ ಆಡ್ತಿದೆ, ಎಡಗಡೆದು ಅಷ್ಟಿಲ್ಲ. ಬಾಯಿ ಇನ್ನೂ ಮೇಲೇ ಇದೆ. ಕಾಳು ಹಾಕ್ದೆ, ತಿನ್ನಲಿಲ್ಲ.”

ಪ್ರಕಟಣೆ ಎರಡು ದಿನದ ನಂತರ ಪತ್ರಿಕೆಯ ಒಳಪುಟದಲ್ಲಿ ಬಂತು. ಫೋನುಗಳು ಬಂದವು, ಅವನು ಉತ್ತರ ಕೊಟ್ಟ. ಮುಂದಿನ ತಿಂಗಳು ಅತ್ತೆಯ ಇನ್ನೊಂದು ಕಣ್ಣಿನ ಆಪರೇಷನ್ನೂ ಆಯಿತು. ಕಣ್ಣು ಪೂರ್ತಿ ಸರಿಹೋದ ಮೇಲೆ ಅವರು ತಮ್ಮ ಮನೆಗೆ ಹೊರಟರು. ಮತ್ತೆ ಗಾಜಿನ ಹತ್ತಿರ ಬಂದು ತಪಾಸಣೆ ಮಾಡತೊಡಗಿದ್ದ ಮೀನನ್ನು, “ನೀರಿನ ವಿಷಯ ನಿಮಗೇ ಬಿಟ್ಟಿದೀನಿ,” ಎಂದು ಅಳಿಯನ ಹತ್ತಿರವೇ ಬಿಟ್ಟು ಹೋದರು.